ಮಾನ್ಯತೆ ಇಲ್ಲದ ಹಗ್ಗ

ಮೂಡುಬಿದಿರೆ
೬ ಮೇ ೨೦೨೪

ಪ್ರೀತಿಯ ಸಬೀಹಾ,

ಟೀಚರ್ ಕಾಗದ ಬರೆದಿದ್ದಾರೆಂದರೆ ಯಾರೋ ತೀರಿಹೋಗಿರಬೇಕು ಎಂದು ಹೆದರಿಕೊಂಡೇ ಲಕೋಟೆ ಒಡೆದಿರುತ್ತೀ. ಯಾರೂ ತೀರಿಹೋಗಿಲ್ಲ, ಕೂತು ಓದು. ವಾಟ್ಸಾಪ್‌ನಲ್ಲಿ ಏನು ಬರೆದರೂ ಅದರ ಸ್ಕ್ರೀನ್‌ಶಾಟ್ ನನ್ನ ಚಹಾ ಆರುವ ಮೊದಲೇ ಹಗ್ಗಜಗ್ಗಾಟ ಮಹಾಮಂಡಲದ ಅಧ್ಯಕ್ಷರ ಮೊಬೈಲಿನಲ್ಲಿರುತ್ತದೆ. ಫೋನ್ ಮಾಡಿದರೆ ನೀನು ನಡುನಡುವೆ ಬಾಯಿ ಹಾಕುತ್ತೀ. ಕಾಗದದಲ್ಲಿ ನಿನಗೆ ಆ ಸೌಕರ್ಯವಿಲ್ಲ.

ನಿನ್ನ ತಂಗಿ ಆಫ್ರಾಳನ್ನು ಕರಾವಳಿ ಹಗ್ಗಜಗ್ಗಾಟ ಮಹಾಮಂಡಲ ಎರಡು ವರ್ಷ ನಿಷೇಧಿಸಿದೆ. ಅವಳು ನಿನಗೆ ಹೇಳಿರಲಿಕ್ಕಿಲ್ಲ, ಅವಳು ಹೇಳುವ ಜಾತಿಯಲ್ಲ.

ಆದದ್ದು ಇಷ್ಟು. ಬಿ.ಸಿ.ರೋಡಿನಲ್ಲಿ ಹೋಟೆಲ್ ಇಟ್ಟುಕೊಂಡಿರುವ ಭೋಜಣ್ಣನನ್ನು ನೀನು ಬಲ್ಲೆ. ಅವರು ಮಾರ್ಚಿನಲ್ಲಿ ಬೆಳ್ತಂಗಡಿಯಲ್ಲಿ ಹುಡುಗಿಯರದ್ದೇ ಒಂದು ಹಗ್ಗಜಗ್ಗಾಟ ಲೀಗ್ ಮಾಡಿದರು. ಬೆನ್ನ ಮೇಲೆ ಹೆಸರಿದ್ದ ಜೆರ್ಸಿ, ಯೂಟ್ಯೂಬಿನಲ್ಲಿ ನೇರ ಪ್ರಸಾರ, ಎಲ್ಲ ಉಂಟು. ಮಹಾಮಂಡಲದ ಮಾನ್ಯತೆಯನ್ನು ಬರೆಹದಲ್ಲಿ ತೆಗೆದುಕೊಳ್ಳಿ ಎಂದು ನಾನು ಮೊದಲೇ ಹೇಳಿದ್ದೆ. "ಎಂತ ಟೀಚರೇ, ಅಧ್ಯಕ್ಷರನ್ನೇ ಉದ್ಘಾಟನೆಗೆ ಕರೆದು ಸನ್ಮಾನ ಮಾಡಿದ ಮೇಲೆ ಬೇರೆ ಎಂತ ಪರ್ಮಿಷನ್ ಬೇಕು? ಶಾಲು ಹೊದೆಸಿಕೊಂಡು ಊಟ ಮಾಡಿ ಹೋದವರು ಮತ್ತೆ ಬೇಡ ಹೇಳ್ತಾರಾ?" ಎಂದರು. ನಮ್ಮ ಊರಿನ ಲೆಕ್ಕದಲ್ಲಿ ಅದು ತಪ್ಪೂ ಅಲ್ಲ. ಇಲ್ಲಿ ಎಷ್ಟು ಕೆಲಸಗಳು ಸನ್ಮಾನದ ಮೇಲೆಯೇ ನಡೆಯುತ್ತವೆ ನಿನಗೆ ಗೊತ್ತು.

ಅಧ್ಯಕ್ಷ ದಯಾನಂದರು ಬಂದರು. ಶಾಲು, ಪೇಟ, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿದ ಸನ್ಮಾನ ಪತ್ರ. ಪತ್ರ ಬರೆದುಕೊಟ್ಟವಳು ನಾನೇ. ದೈಹಿಕ ಶಿಕ್ಷಣದವಳಾದರೂ ನನ್ನ ಕನ್ನಡದ ಮೇಲೆ ಭೋಜಣ್ಣನಿಗೆ ಅಪಾರ ನಂಬಿಕೆ. "ಇವರ ಅನುಗ್ರಹವಿಲ್ಲದೆ ಕರಾವಳಿಯ ಯಾವ ಮೈದಾನದಲ್ಲೂ ಹಗ್ಗ ಬಿಗಿಯಾಗದು" ಎಂದು ಬರೆದಿದ್ದೆ. ಅದನ್ನು ಓದುವಾಗ ಅವರ ಮುಖ ನೋಡಬೇಕಿತ್ತು. ನೀರುದೋಸೆ, ಕೋಳಿ ಸುಕ್ಕ ಉಂಡು, ಎಲ್ಲ ಹುಡುಗಿಯರ ಜೊತೆ ಫೋಟೋ ತೆಗೆಸಿಕೊಂಡು ಹೊರಟರು. ಹತ್ತು ದಿನದಲ್ಲಿ ಸುತ್ತೋಲೆ ಬಂತು: ಮಾನ್ಯತೆ ಇಲ್ಲದ ಪಂದ್ಯಾಟದಲ್ಲಿ ಹಗ್ಗ ಹಿಡಿದವರಿಗೆಲ್ಲ ಎರಡು ವರ್ಷ ನಿಷೇಧ, ಕ್ಷಮಾಪಣೆ ಬರೆದುಕೊಟ್ಟವರಿಗೆ ಮಾಫಿ. ಉಂಡೂ ಹೋದ, ಕೊಂಡೂ ಹೋದ ಎನ್ನುವುದು ಇದಕ್ಕೇ.

ಉಳಿದ ಹುಡುಗಿಯರೆಲ್ಲ ಬರೆದುಕೊಟ್ಟರು. ಆಫ್ರಾ ಒಬ್ಬಳು ಬರೆಯಲಿಲ್ಲ. ಬರುವ ಫೆಬ್ರುವರಿಯ ರಾಷ್ಟ್ರೀಯ ಪಂದ್ಯಾಟ ಇಪ್ಪತ್ತಮೂರರ ಒಳಗಿನವರದ್ದು, ಮಾರ್ಚಿಗೆ ಅವಳಿಗೆ ಇಪ್ಪತ್ತಮೂರು ತುಂಬುತ್ತದೆ. ಜನವರಿಯ ಆಯ್ಕೆ ಪಂದ್ಯ ತಪ್ಪಿದರೆ ಮತ್ತೆ ಇಲ್ಲ. ದೊಡ್ಡವರ ವಿಭಾಗದಲ್ಲಿ ನಮ್ಮ ಕಡೆ ಹೆಂಗಸರ ತಂಡವೇ ಇಲ್ಲವಲ್ಲ.

ನೀನು ದೆಹಲಿಯಲ್ಲಿ ವಕೀಲೆ. ತಲೆ ತಗ್ಗಿಸಿದ ಹಾಗೂ ಕಾಣಬೇಕು, ತಗ್ಗಿಸದ ಹಾಗೂ ಇರಬೇಕು, ಅಂಥ ಒಂದು ಕ್ಷಮಾಪಣೆ ಬರೆದು ಕಳುಹಿಸು. ಅವಳ ಸಹಿ ನಾನು ಹಾಕಿಸುತ್ತೇನೆ. ಇದಕ್ಕಿಂತ ಹೆಚ್ಚು ಏನೂ ಮಾಡಬೇಡ.

ನಿನ್ನ
ಸ್ವರ್ಣಲತಾ ಟೀಚರ್


ದೆಹಲಿ
೧೭ ಮೇ ೨೦೨೪

ಪ್ರೀತಿಯ ಟೀಚರ್,

ನಿಮ್ಮ ಕಾಗದವನ್ನು ಕೋರ್ಟಿನ ಕ್ಯಾಂಟೀನಿನಲ್ಲಿ ನಿಂತುಕೊಂಡೇ ಓದಿದೆ. ಓದುತ್ತಾ ಜೋರಾಗಿ ಬೈದದ್ದು ಬ್ಯಾರಿ ಭಾಷೆಯಲ್ಲಾದ್ದರಿಂದ ನನ್ನ ಮರ್ಯಾದೆ ಉಳಿಯಿತು.

ಕ್ಷಮಾಪಣೆ ಬರೆಯುವುದಿಲ್ಲ. ಬರೆದರೆ ಅವರಿಗೆ ನಿಷೇಧಿಸುವ ಹಕ್ಕು ಉಂಟೆಂದು ನಾವೇ ಒಪ್ಪಿಕೊಂಡ ಹಾಗೆ. ನಾನು ಇಲ್ಲಿ ಯಾವ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ ಎಂದು ನೀವು ಒಮ್ಮೆಯೂ ಸರಿಯಾಗಿ ಕೇಳಲಿಲ್ಲ, ‘ದೆಹಲಿ ಲಾಯರ್’ ಅಂತ ಎಲ್ಲರ ಹತ್ತಿರ ಹೇಳಿಕೊಂಡು ಬರುತ್ತೀರಿ ಅಷ್ಟೆ. ನಮ್ಮ ಸೀನಿಯರ್ ಮಾಡುವುದು ಸ್ಪರ್ಧಾ ಕಾನೂನಿನ ಕೇಸುಗಳು. ಸ್ಪರ್ಧೆ ಎಂದರೆ ಓಟ, ಜಿಗಿತ ಅಲ್ಲ. ವ್ಯಾಪಾರದ ಸ್ಪರ್ಧೆ. ಮಾರುಕಟ್ಟೆಯಲ್ಲಿ ಬಲಿಷ್ಠನಾಗಿರುವುದು ತಪ್ಪಲ್ಲ, ಆ ಬಲವನ್ನು ಹಿಡಿದು ಬೇರೆಯವರನ್ನು ಒಳಗೆ ಬಾರದ ಹಾಗೆ ತಡೆಯುವುದು ತಪ್ಪು.

ನಾವು ಹಗ್ಗ ಎಳೆಯುವವರು, ಮೀನು ಮಾರುವವರಲ್ಲ, ಮಾರುಕಟ್ಟೆ ಎಲ್ಲಿಂದ ಬಂತು ಎಂದು ಕೇಳುತ್ತೀರಿ, ನನಗೆ ಗೊತ್ತು. ಬಂಟ್ವಾಳದಿಂದ ಮೂಡುಬಿದಿರೆಗೆ ಒಬ್ಬನದ್ದೇ ಬಸ್ಸುಗಳು ಓಡುತ್ತವೆ ಎಂದುಕೊಳ್ಳಿ. ಒಂದು ದಿನ ಭೋಜಣ್ಣ ಹೊಸ ಬಸ್ಸು ಬಿಡುತ್ತಾರೆ. ಆಗ ಹಳೆಯ ಧಣಿ, ‘ಅವನ ಬಸ್ಸು ಒಮ್ಮೆ ಹತ್ತಿದವರನ್ನು ಎರಡು ವರ್ಷ ನನ್ನ ಬಸ್ಸಿಗೆ ಹತ್ತಿಸುವುದಿಲ್ಲ’ ಎಂದು ಬೋರ್ಡು ಹಾಕಿದರೆ? ಭೋಜಣ್ಣನ ಬಸ್ಸನ್ನು ಯಾರು ಹತ್ತುತ್ತಾರೆ? ಇಲ್ಲಿ ಅದಕ್ಕಿಂತ ಕೆಟ್ಟದ್ದು. ರಸ್ತೆಯ ನಿಯಮ ಮಾಡುವವನೂ ಅವನೇ, ಬಸ್ಸು ಓಡಿಸುವವನೂ ಅವನೇ.

ಇದಕ್ಕೆ ಇಲ್ಲಿ ಸ್ಪರ್ಧಾ ಆಯೋಗ ಉಂಟು. ಯಾರು ಬೇಕಾದರೂ ಹೋಗಿ ಮಾಹಿತಿ ಸಲ್ಲಿಸಬಹುದು, ದೂರಿಗೆ ಅಲ್ಲಿ ಹಾಗೆನ್ನುತ್ತಾರೆ. ನನ್ನ ಹೆಸರಿನಲ್ಲೇ ಸಲ್ಲಿಸುತ್ತೇನೆ. ಸೀನಿಯರ್ ಹತ್ತಿರ ಮಾತಾಡಿದೆ, ಅವರು ತುಂಬಾ ಹೊತ್ತು ಪೆನ್ನು ತಿರುಗಿಸುತ್ತಾ ಕೂತು ಕೊನೆಗೆ ‘ಬರಿ’ ಎಂದರು. ಕೇಸು ಗಟ್ಟಿ ಉಂಟಂತೆ.

ಆಫ್ರಾಳಿಗೆ ಈಗಲೇ ಹೇಳಬೇಡಿ. ನಾನು ಹೇಳುತ್ತೇನೆ.

ನಿಮ್ಮ
ಸಬೀಹಾ


ಮೂಡುಬಿದಿರೆ
೩ ಜೂನ್ ೨೦೨೪

ಸಬೀಹಾ,

ಒಂದು ಕ್ಷಮಾಪಣೆ ಕೇಳಿದರೆ ಒಂದು ಆಯೋಗವನ್ನೇ ಕಳುಹಿಸಲು ಹೊರಟಿದ್ದೀಯಲ್ಲ ಮಾರಾಯ್ತಿ. ಶಾಲೆಯಲ್ಲಿಯೂ ನೀನು ಹೀಗೆಯೇ. ನೀರು ತಾ ಎಂದರೆ ಬಾವಿ ತೋಡಲು ಹೋಗುವವಳು.

ನಿನಗೆ ಒಂದು ವಿಷಯ ಹೇಳಬೇಕು. ನೀನು ಆಡಲು ಬಂದಾಗ ಎಲ್ಲ ನೇರ್ಪಾಗಿತ್ತು, ಅದರ ಮೊದಲಿನದ್ದು ನೀನು ನೋಡಿಲ್ಲ. ಗಂಡಸರು ಹಗ್ಗವನ್ನು ಸೊಂಟಕ್ಕೆ ಗಂಟು ಹಾಕಿಕೊಂಡು ಎಳೆಯುತ್ತಿದ್ದರು. ಚಾರ್ಮಾಡಿಯ ಒಬ್ಬ ಬೆನ್ನು ಮುರಿದುಕೊಂಡು ಇವತ್ತಿಗೂ ಕೋಲು ಹಿಡಿದು ನಡೆಯುತ್ತಾನೆ. ಹುಡುಗಿಯರನ್ನು ಮೈದಾನಕ್ಕೆ ಬಿಡುವ ಮಾತೇ ಇರಲಿಲ್ಲ. ದಯಾನಂದರು ಸ್ಕೂಟರಿನಲ್ಲಿ ಊರೂರು ತಿರುಗಿ, ತೂಕ ನೋಡಿ, ಗಂಟು ಬಿಡಿಸಿ, ನಿಯಮ ಕಲಿಸಿದರು. ನನಗೆ ತೀರ್ಪುಗಾರ್ತಿಯ ಪರವಾನಗಿ ಕೊಟ್ಟು ಮೈದಾನದ ನಡುವೆ ನಿಲ್ಲಿಸಿದ್ದೂ ಅವರೇ. ಬೇಲಿ ಕಟ್ಟಿದವರು ಅವರು. ಈಗ ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂದು ನೀನು ಹೇಳುತ್ತೀ. ನಿಜವೇ ಇರಬಹುದು. ಆದರೆ ಬೇಲಿ ಕೀಳುವ ಮೊದಲು ಹೊಲದಲ್ಲಿ ಯಾರ್ಯಾರು ಇದ್ದಾರೆ ಎಂದು ಸ್ವಲ್ಪ ನೋಡು.

ಆಫ್ರಾ ಸಂಜೆ ಕಾಲೇಜು ಬಿಟ್ಟು ನಮ್ಮ ಶಾಲೆಗೆ ಬರುತ್ತಾಳೆ. ಹಿಂದಿನ ಹಲಸಿನ ಮರದ ಕೊಂಬೆಗೆ ರಾಟೆ ಕಟ್ಟಿ, ಹಗ್ಗದ ಆಚೆ ತುದಿಗೆ ಡ್ರಮ್ಮು ಬಿಗಿದು, ಡ್ರಮ್ಮಿಗೆ ಕೆಂಪುಕಲ್ಲಿನ ಚೂರು ತುಂಬಿಸಿದ್ದೇವೆ. ಅದನ್ನು ಒಬ್ಬಳೇ ಎಳೆಯುತ್ತಾಳೆ. ಅವಳ ಬಂಟ್ವಾಳ ತಂಡದ ಜೊತೆ ಅಭ್ಯಾಸ ಮಾಡುವಂತಿಲ್ಲ, ಮಾಡಿದರೆ ತಂಡಕ್ಕೂ ನಿಷೇಧ ಎಂದು ಸುತ್ತೋಲೆಯಲ್ಲಿ ಉಂಟು. ಎಂಟು ಜನ ಒಂದೇ ಉಸಿರಿನಲ್ಲಿ ಹಿಂದೆ ಹೆಜ್ಜೆ ಇಡುವ ಆಟವನ್ನು ಒಬ್ಬಳು ಹೇಗೆ ಕಲಿಯುವುದು? ಕೇಳಿದರೆ "ಕಲ್ಲಿಗೆ ಯಾರೂ ಸುತ್ತೋಲೆ ಕಳಿಸುದಿಲ್ಲಲ್ವಾ ಟೀಚರ್" ಎನ್ನುತ್ತಾಳೆ.

ಅವಳ ಪರವಾಗಿ ನೀನು ಹೊರಟಿದ್ದೀ, ಅವಳನ್ನು ಕೇಳದೆ. ಇದು ನನಗೆ ಸರಿ ಕಾಣುವುದಿಲ್ಲ. ಬೇಗ ಹೇಳು.

ಸ್ವರ್ಣಲತಾ ಟೀಚರ್


ದೆಹಲಿ
೨೦ ಸೆಪ್ಟೆಂಬರ್ ೨೦೨೪

ಪ್ರೀತಿಯ ಟೀಚರ್,

ಇಷ್ಟು ದಿನ ಬರೆಯಲಿಲ್ಲ ಎಂದು ಬೈಯಬೇಡಿ. ಜುಲೈಯಲ್ಲಿ ಸಲ್ಲಿಸಿದೆವು. ಆಯೋಗ ಮಹಾಮಂಡಲದಿಂದ ಉತ್ತರ ಕೇಳಿತು. ಉತ್ತರ ಬಂದಿದೆ. ನಾನು ನಾಲ್ಕು ದಿನದಿಂದ ನೆಟ್ಟಗೆ ಊಟ ಮಾಡಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ.

ಅವರು ಏನು ಬರೆದಿದ್ದಾರೆ ಕೇಳಿ: ತಮ್ಮದು ಬಡ ಸ್ವಯಂಸೇವಾ ಸಂಸ್ಥೆ, ವ್ಯಾಪಾರ ಗೊತ್ತೇ ಇಲ್ಲ, ಪಂದ್ಯಾಟ ಯಾರು ಬೇಕಾದರೂ ಮಾಡಬಹುದು, ತಮಗೆ ಯಾವ ಪ್ರಾಬಲ್ಯವೂ ಇಲ್ಲ, ಆಟಗಾರ್ತಿಯರ ಸುರಕ್ಷತೆಗಾಗಿ ಮಾತ್ರ ಈ ಶಿಸ್ತು. ಇದನ್ನು ಓದಿದಾಗ ನನಗೆ ನಿಮ್ಮ ಸನ್ಮಾನ ಪತ್ರ ನೆನಪಾಯಿತು. ಭೋಜಣ್ಣನ ಯೂಟ್ಯೂಬ್ ಚಾನೆಲಿನಲ್ಲಿ ಹುಡುಕಿದೆ. ಇದೆ ಟೀಚರ್, ಪೂರ್ತಿ ಇದೆ! ನಿಮ್ಮ ವಾಕ್ಯ ಓದಿ ಮುಗಿಸಿದ ಮೇಲೆ ಅಧ್ಯಕ್ಷರು ಪೇಟ ಸರಿಮಾಡಿಕೊಂಡು ಮೈಕ್ ಹಿಡಿದು ಹೇಳುತ್ತಾರೆ: "ಟೀಚರ್ ಬರೆದದ್ದು ಸುಳ್ಳಲ್ಲ. ನಾನು ಬೇಡ ಹೇಳಿದ್ರೆ ಈ ಮೂರು ತಾಲೂಕಿನಲ್ಲಿ ಒಬ್ಬಳು ಹುಡುಗಿ ಹಗ್ಗ ಮುಟ್ಲಿ, ನೋಡುವ!" ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನೀವೂ.

ಸೀನಿಯರ್ ಅದನ್ನು ನನ್ನಿಂದ ಅನುವಾದ ಮಾಡಿಸಿ ಇನ್ನೊಮ್ಮೆ ಓದಿಸಿದರು. ಪ್ರಾಬಲ್ಯವನ್ನು ಸಾಬೀತು ಮಾಡಲು ಜನ ಅಂಕಿಅಂಶ ಹುಡುಕಿಕೊಂಡು ವರ್ಷಗಟ್ಟಲೆ ಅಲೆಯುತ್ತಾರೆ, ನಿನ್ನ ಊರಿನಲ್ಲಿ ಅದಕ್ಕೆ ಶಾಲು ಹೊದೆಸಿ ಮೈಕ್ ಕೊಡುತ್ತಾರಲ್ಲ ಎಂದು ನಕ್ಕರು.

ಈಗ ನಿಮ್ಮಿಂದ ಒಂದು ಪ್ರಮಾಣಪತ್ರ ಬೇಕು. ಆ ಸಭೆಯಲ್ಲಿ ನೀವು ಇದ್ದಿರಿ, ಆ ಮಾತು ಅವರೇ ಆಡಿದ್ದು ಎಂದು. ಭೋಜಣ್ಣ ನನಗೆ ಹೇಳಿದ ಹಾಗೆ, ಲೀಗಿಗೆ ತೀರ್ಪು ಕೊಡಲು ಹೋಗಬಾರದು ಎಂದು ಆಮೇಲೆ ತೀರ್ಪುಗಾರರಿಗೆಲ್ಲ ಫೋನ್ ಬಂದದ್ದು ನಿಜ ಎಂದು. ಎರಡು ಪುಟ, ನೋಟರಿಯ ಮುಂದೆ ಒಂದು ಸಹಿ. ನಮೂನೆ ಇದರೊಂದಿಗೆ ಇಟ್ಟಿದ್ದೇನೆ.

ಆಫ್ರಾಳಿಗೆ ಹೇಳುತ್ತೇನೆ. ಹೇಳಲು ಸಮಯ ನೋಡುತ್ತಿದ್ದೇನೆ.

ನಿಮ್ಮ
ಸಬೀಹಾ


ಮೂಡುಬಿದಿರೆ
೧ ಅಕ್ಟೋಬರ್ ೨೦೨೪

ಸಬೀಹಾ,

ಪ್ರಮಾಣಪತ್ರ ಕೊಡಲು ನನ್ನಿಂದಾಗದು. ಕಾರಣ ಕೇಳಬೇಡ.

ನೀನು ಸಮಯ ನೋಡುತ್ತಾ ಕೂತಿರು. ದಯಾನಂದರು ನೋಡಲಿಲ್ಲ. ಆಫ್ರಾಳನ್ನು ಬೆಳ್ತಂಗಡಿಯ ಆಫೀಸಿಗೆ ಕರೆಸಿ, ಕಾಫಿ ಕೊಟ್ಟು, ದೆಹಲಿಯ ನೋಟಿಸನ್ನು ಅವಳ ಮುಂದೆ ಇಟ್ಟರು. ಅಕ್ಕ ಕೇಸು ಹಾಕಿದ್ದಾಳೆಂದು ಅವಳಿಗೆ ಗೊತ್ತಾದದ್ದು ಹಾಗೆ. ಹೊಸ ಕ್ಷಮಾಪಣೆಯ ಒಂದು ನಮೂನೆಯನ್ನು ಕೈಗೆ ಕೊಟ್ಟಿದ್ದಾರೆ. ಸಹಿ ಹಾಕಿದರೆ ಅದೇ ದಿನ ನಿಷೇಧ ತೆಗೆಯುತ್ತಾರಂತೆ, ಆಯ್ಕೆ ಪಂದ್ಯಕ್ಕೆ ಬರಬಹುದಂತೆ.

ಅವಳು ನಿನ್ನೆ ಅಭ್ಯಾಸಕ್ಕೆ ಬರಲಿಲ್ಲ.

ಸ್ವರ್ಣಲತಾ


ದೆಹಲಿ
೯ ಅಕ್ಟೋಬರ್ ೨೦೨೪

ಟೀಚರ್,

ಕಾರಣ ಕೇಳುವುದಿಲ್ಲ, ನನಗೆ ಗೊತ್ತಾಗುತ್ತದೆ. ಮೈದಾನದ ನಡುವೆ ಬಿಳಿ ಟೊಪ್ಪಿ ಹಾಕಿ ನಿಲ್ಲುವುದು ಚಂದ. ರಾಷ್ಟ್ರೀಯ ಪಂದ್ಯಾಟಕ್ಕೆ ತೀರ್ಪುಗಾರ್ತಿಯಾಗಿ ಹೋಗುವುದು ಅದಕ್ಕಿಂತ ಚಂದ. ನಿಮ್ಮ ಸೀಟಿ ನಿಮಗೇ ಇರಲಿ.

‘ಹಗ್ಗದ ಕೊನೆಯಲ್ಲಿ ನಿಂತವಳು ಜಾರಬಾರದು, ಅವಳು ಜಾರಿದರೆ ಏಳೂ ಜನ ಬಿದ್ದ ಹಾಗೆ’ ಎಂದು ನನಗೆ ಕಲಿಸಿದವರು ನೀವು. ನಾನು ಅದನ್ನೇ ಮಾಡುತ್ತಿದ್ದೇನೆ. ನೀವು ಮಾತ್ರ ಯಾವಾಗ ಹಗ್ಗ ಬಿಟ್ಟಿರಿ ಎಂದು ತಿಳಿಯಲಿಲ್ಲ.

ಆಫ್ರಾ ಫೋನ್ ಎತ್ತುವುದಿಲ್ಲ. ನಾನು ಮಾಡಿದಾಗಲೆಲ್ಲ ಅವಳು ಸ್ನಾನಕ್ಕೆ ಹೋಗಿದ್ದಾಳೆ ಎಂದು ಉಮ್ಮ ಹೇಳುತ್ತಾರೆ. ದಿನಕ್ಕೆ ಎಷ್ಟು ಸಲ ಸ್ನಾನ ಮಾಡುತ್ತಾಳೆ ಅವಳು? ಉಮ್ಮನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಅವರ ಧ್ವನಿ ಕೇಳಿದರೆ ನನಗೆ ಅಳು ಬರುತ್ತದೆ.

ಅವಳು ಸಹಿ ಹಾಕದ ಹಾಗೆ ನೋಡಿಕೊಳ್ಳಿ. ಅಷ್ಟಾದರೂ ಮಾಡಿ. ಅವಳು ಬರೆದುಕೊಟ್ಟರೆ, ‘ಬಾಧಿತಳೇ ತಪ್ಪೊಪ್ಪಿಕೊಂಡಿದ್ದಾಳೆ’ ಎಂದು ಅವರು ಅದನ್ನೇ ಆಯೋಗಕ್ಕೆ ತಂದಿಡುತ್ತಾರೆ.

ಸಬೀಹಾ


ಮೂಡುಬಿದಿರೆ
೨೪ ನವೆಂಬರ್ ೨೦೨೪

ಸಬೀಹಾ,

ನಿನ್ನ ಕಾಗದ ಓದಿ ಹರಿದು ಒಲೆಗೆ ಹಾಕಿದೆ. ಆಮೇಲೆ ತಿಂಗಳಿಗಿಂತ ಹೆಚ್ಚು ಅದು ನನ್ನ ತಲೆಯಲ್ಲಿ ಉರಿಯುತ್ತಲೇ ಇತ್ತು. ಮಕ್ಕಳಿಗೆ ಸುಮ್ಮಸುಮ್ಮನೆ ಬೈದೆ. ಪಾಪ, ಅವರಿಗೇನು ಗೊತ್ತು.

ಸೀಟಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆಫ್ರಾ.

ಅವಳು ಕಳೆದ ಭಾನುವಾರ ಶಾಲೆಯ ಹಿಂದಿನ ನಮ್ಮ ಮನೆಗೆ ಬಂದಳು. ಚಾವಡಿಯಲ್ಲಿ ಕೂತು ಆ ನಮೂನೆಯನ್ನು ನನ್ನ ಕೈಗೆ ಕೊಟ್ಟಳು. ಅದರಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದರು, ಮಾಡಿದ ತಪ್ಪನ್ನು ಸ್ವಂತ ಮಾತಿನಲ್ಲಿ ಬರೆಯಬೇಕಂತೆ. "ಇಲ್ಲಿ ಎಂತ ಬರಿಯುದು ಟೀಚರ್?" ಎಂದಳು. ನಾನು ಯೋಚಿಸಿದೆ. ಹಗ್ಗ ಎಳೆದೆ ಎಂದು ಬರೆಯಲೇ? ಚೆನ್ನಾಗಿ ಎಳೆದೆ ಎಂದು? ಇಪ್ಪತ್ತೈದು ವರ್ಷ ಪಾಠ ಹೇಳಿದ ನನಗೆ ಒಂದು ಸಾಲು ಹೊಳೆಯಲಿಲ್ಲ.

ಕೆಳಗಿನ ಸಾಲು ಅವರೇ ಅಚ್ಚು ಹಾಕಿಸಿದ್ದರು. ‘ನನ್ನ ಅಕ್ಕ ನನಗೆ ತಿಳಿಸದೆ, ನನ್ನ ಒಪ್ಪಿಗೆ ಪಡೆಯದೆ, ದುರುದ್ದೇಶದಿಂದ ದೂರು ಸಲ್ಲಿಸಿದ್ದಾಳೆ.’ ಆಫ್ರಾ ಅದರ ಮೇಲೆ ಬೆರಳಿಟ್ಟು ಕೂತಳು. "ತಿಳಿಸದೆ ಅನ್ನುದು ನಿಜವೇ ಅಲ್ವಾ ಟೀಚರ್?" ಎಂದಳು. ಹೌದು ಎಂದೆ. "ಅದಕ್ಕೇ ಸಹಿ ಹಾಕ್ಲಿಕ್ಕೆ ಆಗುದಿಲ್ಲ. ಪೂರ್ತಿ ಸುಳ್ಳಾಗಿದ್ರೆ ಹಾಕಿ ಬಿಸಾಡ್ತಿದ್ದೆ" ಎಂದು ಎದ್ದು, ಚಪ್ಪಲಿ ಹಾಕಿಕೊಂಡು ಹಲಸಿನ ಮರದ ಕಡೆ ಹೋದಳು. ಆ ದಿನ ಡ್ರಮ್ಮು ಎಷ್ಟೋ ಸಲ ಮೇಲೆ ಹೋಯಿತು, ಕೆಳಗೆ ಬಂತು. ನಾನು ನಿಂತು ನೋಡಲಾರದೆ ಒಳಗೆ ಬಂದೆ.

ನಿನ್ನ ತಂಗಿಗೆ ನಿನ್ನ ಮೇಲೆ ತುಂಬಾ ಸಿಟ್ಟು ಉಂಟು. ಆ ಸಿಟ್ಟನ್ನು ಬೇರೆಯವರು ಅಚ್ಚು ಹಾಕಿಸುವುದು ಮಾತ್ರ ಅವಳಿಗೆ ಬೇಡ.

ಈಗ ಸೀಟಿ. ನನ್ನ ಪರವಾನಗಿ ಹೋಗುತ್ತದೆಂದು ಹೆದರಿದೆ ಎಂದುಕೊಂಡೆಯಾ? ಹೋದರೆ ಹೋಯಿತು, ಬಿಸಿಲಿಗೆ ನಿಲ್ಲುವ ಕೆಲಸ ತಪ್ಪಿತು. ನನ್ನ ಶಾಲೆಯ ಹುಡುಗಿಯರ ತಂಡವನ್ನು ಮಹಾಮಂಡಲ ನೋಂದಾಯಿಸುವುದು ಸೆಪ್ಟೆಂಬರ್ ಕೊನೆಗೆ. ದಯಾನಂದರು ಶಾಲೆಗೆ ಬಂದು, ಹೆಡ್‌ಮಾಸ್ಟರರ ಎದುರು, ಬಹಳ ಪ್ರೀತಿಯಿಂದ, "ನಿಮ್ಮ ಮಕ್ಕಳ ಅರ್ಜಿ ನನ್ನ ಮೇಜಿನ ಮೇಲೆ ಉಂಟು ಟೀಚರ್" ಎಂದು ಹೇಳಿ ಹೋದರು. ಅಷ್ಟೆ. ಬೇರೆ ಒಂದು ಮಾತಿಲ್ಲ. ನೆರಿಯ ಗ್ರಾಮದ ಕಾಡಿನ ಅಂಚಿನಿಂದ ನಸುಕಿಗೆ ಎದ್ದು ಮೂರು ಬಸ್ಸು ಬದಲಿಸಿ ಬರುವ ಮಕ್ಕಳೂ ಅದರಲ್ಲಿದ್ದಾರೆ. ನಾನು ಹೇಗೆ ಬರೆದುಕೊಡಲಿ? ನಿನಗೆ ಹೇಳಿದರೆ ಅದನ್ನೂ ಕೇಸಿಗೆ ಸೇರಿಸುತ್ತೀ ಎಂದು ಹೇಳಲಿಲ್ಲ.

ಈಗ ಹೇಳುತ್ತಿದ್ದೇನೆ, ಸೇರಿಸು. ಮಕ್ಕಳ ಹತ್ತಿರವೇ ಕೇಳಿದೆ. ನಿನ್ನ ಹಾಗೆ ಅಲ್ಲ, ಮೊದಲೇ ಕೇಳಿದೆ. ಅವರ ಅಪ್ಪ ಅಮ್ಮಂದಿರನ್ನೂ ಕರೆಸಿದೆ. ಒಬ್ಬಳ ತಾಯಿ, ಬೀಡಿ ಕಟ್ಟುವ ರುಖಿಯಮ್ಮ, "ಈ ವರ್ಷ ಆಫ್ರಾ ಹೊರಗೆ, ಬರುವ ವರ್ಷ ನನ್ನ ಮಗಳು. ನೀವು ಬರೀರಿ ಟೀಚರ್" ಎಂದರು. ಪ್ರಮಾಣಪತ್ರ ಇದರೊಂದಿಗೆ ಉಂಟು. ನಿನ್ನ ಎರಡು ಪುಟ ಸಾಲಲಿಲ್ಲ, ಐದಾಯಿತು. ನನ್ನ ಚಪ್ಪಾಳೆಯ ವಿಷಯವನ್ನೂ ಬರೆದಿದ್ದೇನೆ.

ಇನ್ನು ಒಂದು ಮಾತು. ಇಷ್ಟು ಕಾಗದದಲ್ಲಿ ಮಾರುಕಟ್ಟೆ ಬರೆದೆ, ಬಸ್ಸು ಬರೆದೆ, ಸೀನಿಯರ್ ನಕ್ಕದ್ದು ಬರೆದೆ. ಇದು ಯಾವಾಗ ಮುಗಿಯುತ್ತದೆ ಎಂದು ಒಂದು ಕಡೆಯೂ ಬರೆಯಲಿಲ್ಲ. ಮರೆತು ಬಿಟ್ಟದ್ದಲ್ಲ ಎಂದು ನನಗೆ ಅರ್ಥವಾಗಿದೆ. ನಿನ್ನ ಸೀನಿಯರ್ ಅವತ್ತು ಪೆನ್ನು ತಿರುಗಿಸುತ್ತಾ ಯೋಚಿಸಿದ್ದು ಅದನ್ನೇ ಅಲ್ಲವೇ?

ಸ್ವರ್ಣಲತಾ ಟೀಚರ್


ದೆಹಲಿ
೨೩ ಡಿಸೆಂಬರ್ ೨೦೨೪

ಪ್ರೀತಿಯ ಟೀಚರ್,

ನಿಮ್ಮ ಪ್ರಶ್ನೆಗೆ ಉತ್ತರ: ಜನವರಿಯ ಒಳಗೆ ಅಲ್ಲ.

ಆದೇಶ ಬಂದಿದೆ. ಮೇಲ್ನೋಟಕ್ಕೆ ಪ್ರಾಬಲ್ಯದ ದುರ್ಬಳಕೆ ಕಾಣುತ್ತದೆ, ತನಿಖೆ ನಡೆಯಲಿ ಎಂದು ಹೇಳಿದ್ದಾರೆ. ನಿಮ್ಮ ಪ್ರಮಾಣಪತ್ರದ ಮಾತು ಅದರಲ್ಲಿ ಎರಡು ಕಡೆ ಬಂದಿದೆ. ಆಫೀಸಿನಲ್ಲಿ ಎಲ್ಲರೂ ನನ್ನ ಕೈ ಕುಲುಕಿದರು, ಸೀನಿಯರ್ ಸಿಹಿ ತರಿಸಿದರು. ಆದರೆ ನಿಷೇಧಕ್ಕೆ ಮಧ್ಯಂತರ ತಡೆ ಸಿಗಲಿಲ್ಲ. ಎರಡೂ ಕಡೆಯವರ ಮಾತನ್ನು ಪೂರ್ತಿ ಕೇಳದೆ ಒಂದು ಸಂಸ್ಥೆಯ ನಿಯಮವನ್ನು ನಿಲ್ಲಿಸಲಾಗದು ಎಂದರು. ಕಾನೂನಿನಲ್ಲಿ ಅದು ತಪ್ಪಲ್ಲ, ನಾನೇ ಬೇರೆಯವರ ಕೇಸಿನಲ್ಲಿ ಹಾಗೆ ವಾದಿಸಿದ್ದುಂಟು. ತನಿಖೆಗೆ ವರ್ಷ ಹಿಡಿಯುತ್ತದೆ, ಹೆಚ್ಚೂ ಆಗಬಹುದು. ನನ್ನ ಪಾಲಿನ ಸಿಹಿ ಮೇಜಿನ ಮೇಲೆಯೇ ಉಂಟು.

ಮುಂದೆ ಬರುವ ಹುಡುಗಿಯರಿಗೆ ದಾರಿ ಆಗುತ್ತದೆ. ರುಖಿಯಮ್ಮನ ಮಗಳಿಗೆ ಆಗುತ್ತದೆ. ನನ್ನ ತಂಗಿಗೆ ಆಗುವುದಿಲ್ಲ.

ಟೀಚರ್, ಅವಳ ಹತ್ತಿರ ಹೇಳಿ, ಆ ಕಾಗದಕ್ಕೆ ಸಹಿ ಹಾಕಲಿ. ಅಕ್ಕ ದುರುದ್ದೇಶದವಳು ಎಂದು ಬರೆದುಕೊಡಲಿ, ಸುಳ್ಳುಗಾರ್ತಿ ಎಂದೂ ಸೇರಿಸಲಿ. ತನಿಖೆ ಹೇಗೂ ನಿಲ್ಲುವುದಿಲ್ಲ. ನಾನು ಕೋರ್ಟಿನಲ್ಲಿ ಮುಖ ತಗ್ಗಿಸಿ ನಿಂತರೆ ನನಗೇನೂ ಆಗುವುದಿಲ್ಲ. ಅವಳು ಎಳೆಯಲಿ. ಅವಳು ಹಗ್ಗ ಹಿಡಿದು ಹಿಂದಕ್ಕೆ ವಾಲುವುದನ್ನು ನಾನು ಎರಡು ವರ್ಷದಿಂದ ನೋಡಿಲ್ಲ.

ನಾನೇ ಹೇಳೋಣವೆಂದರೆ ಅವಳು ಇನ್ನೂ ಸ್ನಾನದಲ್ಲಿದ್ದಾಳೆ.

ನಿಮ್ಮ
ಸಬೀಹಾ


ಮೂಡುಬಿದಿರೆ
೧೩ ಜನವರಿ ೨೦೨೫

ಪ್ರೀತಿಯ ಸಬೀಹಾ,

ನೀನು ಹೇಳಿದ ಹಾಗೆ ಹೇಳಿದೆ. ಕಾಗದವನ್ನೇ ಅವಳ ಕೈಗೆ ಕೊಟ್ಟೆ. ಓದಿ, ಕಣ್ಣೊರೆಸಿಕೊಂಡು, ಮಡಿಚಿ ಚೀಲಕ್ಕೆ ಹಾಕಿಕೊಂಡಳು. ಸಹಿಯ ಮಾತು ಎತ್ತಲಿಲ್ಲ. "ಆಯ್ಕೆಗೆ ನೋಡ್ಲಿಕ್ಕೆ ಬರಬಹುದಲ್ಲಾ? ನೋಡ್ಲಿಕ್ಕೆ ಮಾನ್ಯತೆ ಬೇಡ ಅಲ್ವಾ?" ಎಂದು ಮಾತ್ರ ಕೇಳಿದಳು.

ನಿನ್ನೆ ಉಜಿರೆಯ ಮೈದಾನದಲ್ಲಿ ಆಯ್ಕೆ ಪಂದ್ಯ. ನನ್ನ ಪ್ರಮಾಣಪತ್ರ ದೆಹಲಿಗೆ ಹೋದದ್ದು ಅವರಿಗೆ ಗೊತ್ತುಂಟು. ಆದರೂ ನನ್ನನ್ನೇ ತೀರ್ಪಿಗೆ ನಿಲ್ಲಿಸಿದರು. ತನಿಖೆ ಶುರುವಾದ ಮೇಲೆ ನನ್ನನ್ನು ತೆಗೆದರೆ ಚೆನ್ನಾಗಿ ಕಾಣುವುದಿಲ್ಲವೆಂದು ಯಾರೋ ಬುದ್ಧಿ ಹೇಳಿರಬೇಕು. ಬಂಟ್ವಾಳಕ್ಕೂ ಮೂಡುಬಿದಿರೆಗೂ ಪಂದ್ಯ. ಮೂಡುಬಿದಿರೆಯ ಎಂಟೂ ಜನ ನನ್ನ ಕೈಯಲ್ಲಿ ಕಲಿತವರು. ಬಂಟ್ವಾಳದಿಂದ ಏಳು ಜನ ಬಂದರು. ಎಂಟನೆಯವಳನ್ನು ಅವರು ಹುಡುಕಲೇ ಇಲ್ಲ. ಏಳು ಜನ ಸಾಲಾಗಿ ನಿಂತು, ಹಗ್ಗದ ಕೊನೆಯ ಜಾಗ ಖಾಲಿ ಬಿಟ್ಟರು.

ಆಫ್ರಾ ಜನರ ನಡುವೆ ಕೂತಿದ್ದಳು, ಚೂಡಿದಾರದಲ್ಲಿ. ಎದ್ದಳು. ಅವಸರ ಮಾಡಲಿಲ್ಲ. ನಡೆದು ಬಂದು, ಹಗ್ಗದ ತುದಿಯನ್ನು ಕಂಕುಳಡಿಯಿಂದ ತಂದು ಹೆಗಲ ಮೇಲೆ ಹಾಕಿಕೊಂಡು, ಹಿಮ್ಮಡಿ ಊರಿ ನಿಂತಳು. ವೇದಿಕೆಯಿಂದ ದಯಾನಂದರ ಧ್ವನಿ ಮೈಕಿನಲ್ಲಿ ಬಂತು: "ತೀರ್ಪುಗಾರರು ಗಮನಿಸಬೇಕು. ಆ ಹುಡುಗಿಯನ್ನು ಹೊರಗೆ ಕಳಿಸಿ."

ಸಬೀಹಾ, ಕಳಿಸಿಬಿಡೋಣ ಎಂದು ಒಮ್ಮೆ ಅನಿಸಿತು. ಸುಳ್ಳು ಯಾಕೆ ಹೇಳಲಿ. ಬೇಲಿಯ ಬಗ್ಗೆ ನಿನಗೆ ಬರೆದವಳು ನಾನೇ ಅಲ್ಲವೇ. ನಾನು ಮೂಡುಬಿದಿರೆಯ ಮಕ್ಕಳ ಕಡೆ ನೋಡಿದೆ. ಅವರು ಹಗ್ಗ ಮುಟ್ಟದಿದ್ದರೆ ಪಂದ್ಯವೇ ಇಲ್ಲ, ಯಾರಿಗೂ ತೊಂದರೆಯಿಲ್ಲ. ಅವರ ಮುಂದಿನ ಹುಡುಗಿ ಮಿಸ್ರಿಯಾ ವೇದಿಕೆ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಬಗ್ಗಿ ಅಂಗೈಗೆ ಮಣ್ಣು ಉಜ್ಜಿಕೊಂಡಳು. ಅವಳ ಹಿಂದೆ ಏಳೂ ಜನ ಬಗ್ಗಿದರು.

ನಾನು ಎರಡೂ ಕೈ ಮುಂದೆ ಚಾಚಿದೆ. ಹಗ್ಗ ಎತ್ತಿ ಎಂದೆ. ಬಿಗಿ ಮಾಡಿ ಎಂದೆ. ಮೈಕು ಏನೋ ಕಿರುಚುತ್ತಿತ್ತು. ಗುರುತಿನ ಬಟ್ಟೆ ನಡುವಿಗೆ ಬಂದು ನಿಂತ ಮೇಲೆ, ಎಳೆಯಿರಿ ಎಂದೆ.

ಬಂಟ್ವಾಳ ಸೋತಿತು.

ಗೆದ್ದರು ಎಂದು ಬರೆಯಲು ನನಗೂ ಆಸೆ ಇತ್ತು. ಆಫ್ರಾ ಜಾರಲಿಲ್ಲ, ಕಲ್ಲಿನ ಹಾಗೆ ನಿಂತಿದ್ದಳು. ಆದರೆ ಅವಳ ಹೆಜ್ಜೆಗೂ ಉಳಿದ ಏಳು ಹೆಜ್ಜೆಗೂ ಹೊಂದಲಿಲ್ಲ. ಇವರು ಉಸಿರು ಬಿಡುವಾಗ ಅವಳು ತೆಗೆದುಕೊಳ್ಳುತ್ತಿದ್ದಳು. ಏಪ್ರಿಲಿನಿಂದ ಅವಳು ಎಳೆದದ್ದು ಡ್ರಮ್ಮನ್ನು. ಎರಡು ಸುತ್ತಿನಲ್ಲಿಯೂ ಒಂದೇ ಥರ, ಸ್ವಲ್ಪ ಸ್ವಲ್ಪವೇ ಗೆರೆ ದಾಟಿ ಹೋದರು. ನಿಷೇಧ ಎಂದರೆ ಏನು ಎಂದು ನಿನ್ನ ಆಯೋಗಕ್ಕೆ ನಾನು ಐದು ಪುಟ ಬರೆದೆ. ಇದನ್ನು ಮಾತ್ರ ಬರೆಯಲು ನನಗೆ ಗೊತ್ತಿರಲಿಲ್ಲ.

ಪಂದ್ಯ ಅಸಿಂಧು ಎಂದು ಅಲ್ಲೇ ಘೋಷಿಸಿದರು. ನನ್ನ ಪರವಾನಗಿಯನ್ನು ಅಮಾನತಿನಲ್ಲಿ ಇಟ್ಟಿದ್ದಾರೆ. ಹದಿನಾರೂ ಹುಡುಗಿಯರಿಗೆ ನೋಟಿಸು ಬರುತ್ತದಂತೆ. ಬರಲಿ, ಎಲ್ಲರನ್ನೂ ಹೊರಗೆ ಹಾಕಿದ ಮೇಲೆ ಫೆಬ್ರುವರಿಗೆ ಯಾರನ್ನು ಕಳುಹಿಸುತ್ತಾರೆ ನೋಡುವ. ಭೋಜಣ್ಣ ಓಡಿ ಬಂದು, "ಟೀಚರೇ, ಈ ಸಲ ನಿಮಗೇ ಒಂದು ಸನ್ಮಾನ ಮಾಡುವ" ಎಂದರು. ಕೈ ಮುಗಿದು ಕಳುಹಿಸಿದೆ.

ಬಸ್ ಸ್ಟ್ಯಾಂಡಿನಲ್ಲಿ ಆಫ್ರಾ ನನ್ನ ಪಕ್ಕ ಕೂತಿದ್ದಳು. ಅಂಗೈಯ ಚರ್ಮ ಕಿತ್ತು ಬಂದಿತ್ತು, ನಾನು ಕರ್ಚೀಫು ಸುತ್ತಿದೆ. ಬೇಜಾರಾಯಿತಾ ಮಗಾ ಎಂದು ಕೇಳಿದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ನಕ್ಕಳು, ನೀನು ನಗುವ ಹಾಗೆಯೇ, ತಲೆ ಹಿಂದೆ ಹಾಕಿ.

"ಇಲ್ಲ ಟೀಚರ್. ಇಷ್ಟು ದಿನ ನಾನು ಆಡದೆ ಸೋತಿದ್ದೆ. ಇವತ್ತು ನನ್ನನ್ನು ಸೋಲಿಸಿದ್ದು ಎದುರಿಗಿದ್ದ ಎಂಟು ಹುಡುಗಿಯರು. ಅಕ್ಕನಿಗೆ ಹಾಗೆಯೇ ಬರೀರಿ."

ಬರೆದಿದ್ದೇನೆ.

ಸ್ವರ್ಣಲತಾ ಟೀಚರ್